ಅತ್ತಿಗೆ ಹಿಮಕ್ಕೆ ಇಳಿದದ್ದು

ನಮ್ಮ ಅತ್ತಿಗೆ ಹನ್ನೊಂದು ವರ್ಷಗಳಿಂದ ತಪ್ಪದೆ ಸ್ಕೀಯಿಂಗಿಗೆ ಹೋಗುತ್ತಾರೆ. ಈ ಹನ್ನೊಂದು ವರ್ಷಗಳಲ್ಲಿ ಅವರು ಒಮ್ಮೆಯೂ ಹಿಮ ತುಳಿದಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ನಮ್ಮ ಅಣ್ಣನನ್ನು ಕೇಳಿ. ಕಾರಿನಿಂದ ಲಾಡ್ಜಿನ ಬಾಗಿಲವರೆಗೆ, ಹಿಮ ಗುಡಿಸಿ, ಉಳಿದದ್ದು ಕರಗಲೆಂದು ಉಪ್ಪು ಎರಚಿದ ಜಾಗವನ್ನೇ ಹುಡುಕಿ ಹುಡುಕಿ, ಪ್ರತಿವರ್ಷ ಕೈಹಿಡಿದು ದಾಟಿಸುತ್ತಿದ್ದವನು ಅವನೇ. ಇಪ್ಪತ್ತು ಹೆಜ್ಜೆಯ ಆ ದಾರಿಗೆ ಅವರು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾವು ಬೆಟ್ಟದಿಂದ ಎರಡು ಸಲ ಜಾರಿ ಬರಬಹುದಿತ್ತು.

ಹಾಗಂತ ಅಣ್ಣ ಅವರನ್ನು ಬಲವಂತವಾಗಿ ಕರೆದೊಯ್ಯುತ್ತಾನೆ ಎಂದುಕೊಳ್ಳಬೇಡಿ. ಈ ಪ್ರವಾಸದ ಹುಚ್ಚು ಅತ್ತಿಗೆಯದೇ. ಅಣ್ಣ, ಅತ್ತಿಗೆ ಮತ್ತು ಅವರ ಮಗಳು ಸಿರಿ ಇರುವುದು ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ. ಅಣ್ಣನ ತಂಗಿ, ಒಬ್ಬಂಟಿಯಾದ ನಾನು ಇರುವುದು ಅಲ್ಲಿಂದ ಒಂದು ಗಂಟೆ ದಾರಿಯ ವಾಲ್ನಟ್ ಕ್ರೀಕಿನಲ್ಲಿ. ಸೆಕೆ ಇನ್ನೂ ಇಳಿದಿರುವುದಿಲ್ಲ, ಆಗಸ್ಟ್ ತಿಂಗಳಲ್ಲೇ ಅತ್ತಿಗೆಯ ಫೋನು ಬರುತ್ತದೆ.

"ಫೆಬ್ರವರಿ ಲಾಂಗ್ ವೀಕೆಂಡಿಗೆ ಟಾಹೋದಲ್ಲಿ ಬೆಟ್ಟದ ಹತ್ರ ಕ್ಯಾಬಿನ್ ಬುಕ್ ಮಾಡಿದೀನಿ. ನಿಂಗೆ ಆಫೀಸಲ್ಲಿ ಏನೇ ಇದ್ರೂ ಈಗ್ಲೇ ಹೇಳ್ಬಿಡು, ಬರಲ್ಲ ಅಂತ ಮಾತ್ರ ಹೇಳ್ಬೇಡ."

"ಬರ್ತೀನಿ ಅತ್ತಿಗೆ. ಈ ಸಲನಾದ್ರೂ ನೀವು ಸ್ಕೀ ಮಾಡ್ತೀರಾ?"

"ನಾನು ಬೆಟ್ಟ ಹತ್ತಿದ್ರೆ ಟೇಬಲ್ ಯಾರು ನೋಡ್ಕೋತಾರೆ?"

ಆ ಟೇಬಲ್ಲಿನ ವಿಷಯ ನಿಮಗೆ ಹೇಳಲೇಬೇಕು. ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಮರದ ಕಟ್ಟಡ ಇದೆ. ಸ್ಕೀ ಮಾಡುವವರು ಊಟಕ್ಕೆ, ಚಳಿ ಕಾಯಿಸಿಕೊಳ್ಳುವುದಕ್ಕೆ ಬರುವ ಲಾಡ್ಜ್ ಅದು. ಅಲ್ಲಿ ಮೂಲೆಯಲ್ಲಿ, ಇಡೀ ಬೆಟ್ಟ ಕಾಣುವ ಕಿಟಕಿಯ ಪಕ್ಕ, ಆರು ಜನ ಕೂರುವ ಒಂದು ಟೇಬಲ್. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಅತ್ತಿಗೆ ಒಳಹೊಕ್ಕು ಅದರ ಮೇಲೆ ಮನೆಯ ಹಳೇ ಬೆಡ್‌ಶೀಟು ಹಾಸಿಬಿಡುತ್ತಾರೆ. ನಂತರ ಅಕ್ಕಿರೊಟ್ಟಿ, ಚಟ್ನಿಪುಡಿ, ಚಿತ್ರಾನ್ನ, ಎರಡು ಫ್ಲಾಸ್ಕು ಕಾಫಿ, ಒಂದು ಫ್ಲಾಸ್ಕು ತಿಳಿಸಾರು ಒಂದೊಂದಾಗಿ ಚೀಲದಿಂದ ಹೊರಬರುತ್ತವೆ. ಸಂಜೆಯವರೆಗೆ ಅವರನ್ನು ಅಲ್ಲಿಂದ ಕದಲಿಸುವುದು ಯಾರಿಂದಲೂ ಆಗದು.

ಕೆಲವು ವರ್ಷಗಳ ಹಿಂದೆ ಎತ್ತರದ ಬಿಳಿಯನೊಬ್ಬ ಬಂದು, ಇಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದನಂತೆ. ಕೂತಿದ್ದಾರೆ ಎಂದರು ಅತ್ತಿಗೆ. ಎಲ್ಲಿ ಎಂದ. ಅತ್ತಿಗೆ ಕಿಟಕಿಯಾಚೆ ಬೆಟ್ಟದ ತುದಿ ತೋರಿಸಿದರು. ಅವನು ಒಮ್ಮೆ ಬೆಟ್ಟ ನೋಡಿದ, ಒಮ್ಮೆ ಖಾಲಿ ಕುರ್ಚಿ ನೋಡಿದ. ನಾವು ಮಧ್ಯಾಹ್ನ ಇಳಿದು ಬಂದಾಗ ಅದೇ ಕುರ್ಚಿಯಲ್ಲಿ ಕೂತು ಮೂರನೇ ಅಕ್ಕಿರೊಟ್ಟಿ ತಿನ್ನುತ್ತಿದ್ದ. ಹೆಸರು ಟಾಡ್. ಬೆಟ್ಟದಲ್ಲಿ ಬಿದ್ದವರನ್ನೂ ದಾರಿ ತಪ್ಪಿದವರನ್ನೂ ಹುಡುಕಿ ತರುವ ಸ್ಕೀ ಪಟ್ರೋಲಿನವನು. ಅಂದಿನಿಂದ ಪ್ರತಿವರ್ಷ ಆ ವಾರಾಂತ್ಯದಲ್ಲಿ ಅವನು ನಮ್ಮ ಟೇಬಲ್ಲಿಗೆ ಬಂದು ಬಹಳ ಗಂಭೀರವಾಗಿ "ಚಟ್ನಿಪೂಡಿ?" ಎನ್ನುತ್ತಾನೆ.

ಇನ್ನು ನಮ್ಮ ಜಾಕೆಟ್ಟುಗಳು. ಮೊದಲ ವರ್ಷವೇ ಅತ್ತಿಗೆ ಅಣ್ಣನಿಗೆ, ನನಗೆ, ಸಿರಿಗೆ ಮೂರು ಜಾಕೆಟ್ ತಂದಿದ್ದರು. ಮೂರೂ ಒಂದೇ ಕಿತ್ತಳೆ ಬಣ್ಣ. ರಸ್ತೆ ರಿಪೇರಿ ಮಾಡುವವರು ಹಾಕಿಕೊಳ್ಳುತ್ತಾರಲ್ಲ, ಕಣ್ಣು ಕುಕ್ಕುವ ಕಿತ್ತಳೆ, ಅದು. ಸಿರಿ ಬೆಳೆದಂತೆಲ್ಲ ಅವಳಿಗೆ ಅದೇ ಬಣ್ಣದ ಹೊಸ ಜಾಕೆಟ್ ಬರುತ್ತಿತ್ತು. ಬಣ್ಣ ಸಿಗದ ವರ್ಷ ಅತ್ತಿಗೆ ಮೂರು ಊರಿನ ಅಂಗಡಿ ಸುತ್ತಿದ್ದರು. ಆ ಜಾಕೆಟ್ ಹಾಕಿಕೊಂಡು ನಿಂತಿದ್ದ ಅಣ್ಣನನ್ನು ಜನ ಬಾತ್‌ರೂಮು ಎಲ್ಲಿ, ಟಿಕೆಟ್ಟು ಎಲ್ಲಿ ಎಂದು ಕೇಳುತ್ತಿದ್ದರು. ಒಮ್ಮೆ ಒಬ್ಬಾಕೆ ತನ್ನ ಅಳುವ ಮಗುವನ್ನೇ ಅವನ ಕೈಗೆ ಕೊಟ್ಟು, ಸ್ಕೀ ಕ್ಲಾಸು ಮುಗಿದ ಮೇಲೆ ಬರುತ್ತೇನೆ ಎಂದು ಹೊರಟಿದ್ದಳು.

ಈ ಬಣ್ಣದ ಗುಟ್ಟು ಗೊತ್ತಾದದ್ದು ಆ ಮೊದಲ ವರ್ಷವೇ, ಮಧ್ಯಾಹ್ನದ ಊಟದ ಹೊತ್ತಿಗೆ. ಅತ್ತಿಗೆ ರೊಟ್ಟಿ ಬಡಿಸುತ್ತಾ ಸಲೀಸಾಗಿ ಕೇಳಿದರು:

"ರೀ, ಹತ್ತೂಕಾಲಿಗೆ ಆ ಎರಡು ಪೈನ್ ಮರದ ಹತ್ರ ಐದು ನಿಮಿಷ ಕೂತಿದ್ರಲ್ಲ, ಯಾಕೆ?"

"ವ್ಯೂ ನೋಡ್ತಿದ್ದೆ ಕಣೇ," ಎಂದ ಅಣ್ಣ.

"ಮಕಾಡೆ ಮಲಗಿ ಯಾವ ವ್ಯೂ ನೋಡಿದ್ರಿ?"

ಬೆಡ್‌ಶೀಟಿನ ಕೆಳಗೆ ಬೈನಾಕ್ಯುಲರ್ ಇತ್ತು. ಹಕ್ಕಿ ನೋಡುವವರು ಕತ್ತಿಗೆ ನೇತು ಹಾಕಿಕೊಳ್ಳುವ ಭಾರದ್ದು. ಮುಂಜಾನೆಯಿಂದ ಸಂಜೆಯವರೆಗೆ ಅತ್ತಿಗೆ ಅದರಲ್ಲಿ ನಮ್ಮ ಮೂರು ಕಿತ್ತಳೆ ಚುಕ್ಕೆಗಳನ್ನು ಹಿಂಬಾಲಿಸುತ್ತಿದ್ದರು. ಯಾರು ಎಲ್ಲಿ ಬಿದ್ದರು, ಯಾರು ಎದ್ದು ಸುತ್ತ ನೋಡಿ ಬೀಳಲೇ ಇಲ್ಲವೆಂಬಂತೆ ಹೊರಟರು, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ನಾನಂತೂ ಬಿದ್ದಾಗಲೆಲ್ಲ ಲಾಡ್ಜಿನ ಕಡೆ ಕೈಬೀಸುವುದನ್ನು ರೂಢಿ ಮಾಡಿಕೊಂಡಿದ್ದೆ.

ಎಲ್ಲ ಹೀಗೇ ನಡೆಯುತ್ತಿತ್ತು, ಈ ವರ್ಷದವರೆಗೆ. ಈ ವರ್ಷ ಸಿರಿಗೆ ಹದಿನೈದು. ಮೊದಲ ದಿನ ಬೆಳಿಗ್ಗೆ ನಾವು ಇಳಿದಿದ್ದ ಮರದ ಕ್ಯಾಬಿನ್ನಿನ ಕೋಣೆಯಿಂದ ಅವಳು ಹೊರಬಂದಾಗ ಮೈಮೇಲೆ ತಿಳಿ ಬೂದು ಬಣ್ಣದ ಜಾಕೆಟ್ ಇತ್ತು. ಗೆಳತಿಯರು ಹುಟ್ಟುಹಬ್ಬಕ್ಕೆ ಕೊಡಿಸಿದ್ದಂತೆ. ಅದೇ ಗೆಳತಿಯರು ಪಕ್ಕದ ಕ್ಯಾಬಿನ್ನಿನಲ್ಲಿ ಇಳಿದಿದ್ದರು. ಅಣ್ಣ ಬಾಯಿ ತೆರೆದ. ಅತ್ತಿಗೆ ಅವನ ಪಾದ ತುಳಿದರು.

"ಐ ಲುಕ್ ಲೈಕ್ ಎ ಟ್ರಾಫಿಕ್ ಕೋನ್ ಇನ್ ದಟ್ ಆರೆಂಜ್ ಥಿಂಗ್, ಅಮ್ಮ," ಎಂದಳು ಸಿರಿ, ಯಾರೂ ಏನೂ ಕೇಳದಿದ್ದರೂ.

"ಚೆನ್ನಾಗಿದೆ ಪುಟ್ಟ. ಒಳಗೆ ಸ್ವೆಟರ್ ಹಾಕ್ಕೊಂಡಿದ್ಯಾ?" ಎಂದರು ಅತ್ತಿಗೆ. ಅಷ್ಟೇ.

"ಒಂದು ಗಂಟೆಗೆ ಊಟಕ್ಕೆ ಬಾ," ಎಂದು ಅತ್ತಿಗೆ ಕೂಗಿದಾಗ ಅವಳು ಗೆಳತಿಯರ ನಡುವೆ ಕೈಯೆತ್ತಿ ಹೊರಟು ಹೋದಳು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಹನ್ನೆರಡಕ್ಕೆ ಹಿಮ ಅಡ್ಡಡ್ಡ ಬೀಳತೊಡಗಿತು. ನಾನೂ ಅಣ್ಣನೂ ಇಳಿದು ಲಾಡ್ಜಿಗೆ ಬಂದೆವು. ಗಾಳಿ ಜೋರಾದ್ದರಿಂದ ಕುರ್ಚಿಯಲ್ಲಿ ಕೂರಿಸಿ ತಂತಿಯ ಮೇಲೆ ಬೆಟ್ಟ ಹತ್ತಿಸುವ ಮೇಲಿನ ಲಿಫ್ಟುಗಳನ್ನೆಲ್ಲ ನಿಲ್ಲಿಸಿದ್ದಾರೆ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ಅತ್ತಿಗೆ ಕಿಟಕಿಗೆ ಹಣೆಯೊತ್ತಿ ಕೂತಿದ್ದರು. ಬೆಟ್ಟವೂ ಬೂದು, ಆಕಾಶವೂ ಬೂದು, ಜಾಕೆಟ್ಟೂ ಬೂದು.

ಒಂದು ಗಂಟೆ ಆಯಿತು. ಒಂದೂವರೆ ಆಯಿತು. ಸಿರಿಯ ಫೋನು ಸಿಗುತ್ತಿರಲಿಲ್ಲ. ಗೆಳತಿಯರಲ್ಲಿ ಇಬ್ಬರು ಬಂದರು, ಸಿರಿ ಹಿಂದೆಯೇ ಇದ್ದಳು, ಕೊನೆಯ ತಿರುವಿನಲ್ಲಿ ನೋಡಿದಾಗ ಇರಲಿಲ್ಲ ಎಂದರು. ಅಣ್ಣ ಬೂಟು ಬಿಗಿದುಕೊಳ್ಳಲು ಕೂತ. ಎಡಗಾಲಿನ ಬೂಟಿಗೆ ಬಲಗಾಲು ತುರುಕುತ್ತಿದ್ದ.

"ಅವತ್ತು ಬೆಳಿಗ್ಗೆನೇ ಹೇಳ್ಬೇಕಿತ್ತು, ಆ ಜಾಕೆಟ್ ಬೇಡ ಅಂತ. ನೀನು ಬಿಡ್ಲಿಲ್ಲ," ಎಂದ. ಅದು ಅವತ್ತೇ ಬೆಳಿಗ್ಗೆಯ ಮಾತು ಎಂಬುದನ್ನೂ ಅವನು ಮರೆತಿದ್ದ.

ಅತ್ತಿಗೆ ಎದ್ದು ಬಾಗಿಲು ತಳ್ಳಿಕೊಂಡು ಹೊರಗೆ ನಡೆದರು. ಲಾಡ್ಜಿನೊಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿಯಲ್ಲೇ. ಅಂಗಳದ ಆಚೆ ಪಟ್ರೋಲಿನವರ ಗುಡಿಸಲಿದೆ. ಸುತ್ತಿಕೊಂಡು ಹೋಗುವ, ಗುಡಿಸಿದ ದಾರಿಯೂ ಇದೆ. ಅತ್ತಿಗೆ ಆ ದಾರಿ ಹಿಡಿಯಲಿಲ್ಲ, ನೇರ ಹಿಮದ ಮೇಲೆ ಹೊರಟರು. ನಾನು ಹಿಂದೆ ಓಡಿದೆ.

ಅದೃಷ್ಟಕ್ಕೆ ಒಳಗೆ ಟಾಡ್ ಇದ್ದ. ಸಿರಿ ಕಾಣುತ್ತಿಲ್ಲ ಎಂದಾಗ, ಇವತ್ತು ಯಾವ ಬಟ್ಟೆ ಎಂದು ಕೇಳಿದ. ಬೂದು ಜಾಕೆಟ್, ಕಪ್ಪು ಹೆಲ್ಮೆಟ್ ಎಂದೆ. ಅವನು ಹೊರಗೆ ನೋಡಿದ. ಅಲ್ಲಿ ನಡೆಯುತ್ತಿದ್ದವರಲ್ಲಿ ಅರ್ಧಕ್ಕರ್ಧ ಹಾಗೇ ಇದ್ದರು. ಆಗ ಅತ್ತಿಗೆ ಮಾತಾಡತೊಡಗಿದರು. ಎಡಕ್ಕೆ ತಿರುಗುವಾಗ ಚೆನ್ನಾಗಿ ತಿರುಗುತ್ತಾಳೆ. ಬಲಕ್ಕೆ ತಿರುಗುವಾಗ ಎಡ ಭುಜ ಸ್ವಲ್ಪ ಮೇಲೆತ್ತುತ್ತಾಳೆ, ಎಂಟು ವರ್ಷದವಳಿದ್ದಾಗ ಇದೇ ಬೆಟ್ಟದಲ್ಲಿ ಬಿದ್ದು ಆ ಕಡೆಯ ಕೊರಳೆಲುಬು ಮುರಿದಿತ್ತು. ಕಡಿದಾದ ಜಾಗ ಬಂದರೆ ಅಂಚಿನಲ್ಲಿ ನಿಂತು ಕೋಲನ್ನು ಮೂರು ಸಲ ನೆಲಕ್ಕೆ ಕುಟ್ಟುತ್ತಾಳೆ. ಸುಸ್ತಾದರೆ ಬಲಗಡೆಯ ಇಳಿಜಾರು ಹಿಡಿಯುತ್ತಾಳೆ, ಅಲ್ಲಿ ಜನ ಕಡಿಮೆ.

ಟಾಡ್ ಬರೆಯುತ್ತಿದ್ದವನು ತಲೆಯೆತ್ತಿದ. ನೀವು ಮೊದಲು ಎಷ್ಟು ವರ್ಷ ಸ್ಕೀ ಮಾಡುತ್ತಿದ್ದಿರಿ ಎಂದು ಕೇಳಿದ. ಅತ್ತಿಗೆ ತಮ್ಮ ಒದ್ದೆ ಚಪ್ಪಲಿ ನೋಡಿಕೊಂಡರು. ಬಲಗಡೆಯ ಇಳಿಜಾರು ಬೆಟ್ಟದ ಆಚೆಯ ತಪ್ಪಲಿಗೆ ಇಳಿಯುತ್ತದೆ ಎಂದು ಹೇಳಿ ಅವನು ವಾಕಿಟಾಕಿ ಎತ್ತಿಕೊಂಡ.

ಕಾಯುತ್ತಾ ಬೆಂಚಿನ ಮೇಲೆ ಕೂತೆವು. ನಾನು ಅವರ ಪಾದ ಒರೆಸಿ ನನ್ನ ಸಾಕ್ಸು ಹಾಕಿದೆ.

"ನಿಮ್ಮಣ್ಣ ಹೇಳಿದ್ದು ನಿಜ. ಬೇಡ ಅನ್ಬೇಕಿತ್ತು," ಎಂದರು ಅತ್ತಿಗೆ.

"ಅವನಿಗೆ ಗಾಬರಿ ಅತ್ತಿಗೆ. ಮನಸ್ಸಿಗೆ ಹಚ್ಕೋಬೇಡಿ."

"ನಂಗೆ ಸಣ್ಣವಳಿದ್ದಾಗಿಂದ ಎಲ್ಲದಕ್ಕೂ ಭಯ ಕಣೇ. ಸೈಕಲ್ಲು ಭಯ, ಕೆರೆ ಭಯ, ಏಣಿ ಭಯ. ಬಿದ್ದುಬಿಡ್ತೀಯ, ಬೇಡ, ಅಂತ್ಲೇ ನಮ್ಮಮ್ಮ ಬೆಳೆಸಿದ್ರು. ಒಂದು ದಿನಾನೂ ಬೀಳ್ಲಿಲ್ಲ ನಾನು. ಸಿರಿ ಹುಟ್ಟಿದಾಗ ಅಂದ್ಕೊಂಡೆ, ನನ್ನ ಮೂಗು ಬರ್ಲಿ, ನನ್ನ ಕೋಪ ಬರ್ಲಿ, ಈ ಭಯ ಒಂದು ಇವಳಿಗೆ ಬರ್ಬಾರ್ದು ಅಂತ. ಅದಕ್ಕೇ ಇಲ್ಲಿಗೆ ಕರ್ಕೊಂಡ್ ಬಂದಿದ್ದು. ಅವಳು ಮೇಲಿಂದ ಇಳಿಯೋವಾಗೆಲ್ಲ ಬೇಡ ಅನ್ನೋದು ಬಾಯಿ ತುದಿಗೆ ಬರುತ್ತೆ. ಹೇಳ್ಬಾರ್ದು ಅಂತ ರೊಟ್ಟಿ ಡಬ್ಬಿ ತೆಗೀತೀನಿ, ಮುಚ್ತೀನಿ."

ಹನ್ನೊಂದು ವರ್ಷ ನಾವು ಯಾವುದಕ್ಕೆ ನಗುತ್ತಿದ್ದೆವೋ ಅದರ ಒಳಗೆ ಇದು ಇತ್ತು. ನಾನು ಅವರ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. ಸಿರಿ ಆಚೆಯ ತಪ್ಪಲಿನಲ್ಲಿದ್ದಳು. ಅಲ್ಲಿಂದ ಈ ಕಡೆಗೆ ಬರುವ ಲಿಫ್ಟು ನಿಂತುಹೋಗಿತ್ತು, ಚಳಿಗೆ ಫೋನು ಸತ್ತಿತ್ತು. ಇನ್ನೂ ಹತ್ತು ಹನ್ನೆರಡು ಜನರೊಂದಿಗೆ ಶೆಡ್ಡಿನ ಕೆಳಗೆ ನಿಂತಿದ್ದಳಂತೆ. ಬಸ್ಸು ಕಳಿಸಿದ್ದೇವೆ ಎಂದರು.

ಅತ್ತಿಗೆ ಟಾಡ್‌ಗೆ ಕೈಮುಗಿದು ಹೊರಗೆ ಓಡಿದರು. ಬಸ್ಸು ಬರುವ ಜಾಗಕ್ಕೆ ಮತ್ತೆ ಅಡ್ಡದಾರಿ. ಹೋಗುವಾಗ ಅವರ ಭಾರ ಹೊತ್ತಿದ್ದ ಹಿಮ ಈಗ ಹೊರಲಿಲ್ಲ. ನಾಲ್ಕನೇ ಹೆಜ್ಜೆಗೆ ಅತ್ತಿಗೆ ತೊಡೆಯವರೆಗೆ ಹೂತುಹೋದರು. ನಾನು ಎಳೆದೆ, ಬರಲಿಲ್ಲ. ಲಾಡ್ಜಿನಿಂದ ಅಣ್ಣ ಓಡಿಬಂದು ಎಳೆದ, ಅವನೇ ಪಕ್ಕಕ್ಕೆ ಬಿದ್ದ. ಬಸ್ಸಿನಿಂದ ಇಳಿದ ಸಿರಿಗೆ ಕಂಡದ್ದು ನೆಟ್ಟ ಗಿಡದಂತೆ ನಿಂತ ಅಮ್ಮ, ಅಂಗಾತ ಮಲಗಿದ ಅಪ್ಪ.

"ವೈ ಆರ್ ಯು ಇನ್ ದ ಸ್ನೋ?" ಎಂದಳು. ನಗು ಬಂದಿತ್ತು ಅವಳಿಗೆ. ಅಮ್ಮನ ಮುಖ ನೋಡಿದಾಗ ಆ ನಗು ಇಳಿದುಹೋಯಿತು. ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಹಿಮ ತೋಡತೊಡಗಿದಳು. "ಸಾರಿ ಅಮ್ಮ. ಫೋನ್ ಡೆಡ್ ಆಯ್ತು. ಐ ಟ್ರೈಡ್."

"ಊಟ ಮಾಡಿದ್ಯಾ?" ಎಂದರು ಅತ್ತಿಗೆ.

ಸಿರಿ ಇಲ್ಲವೆಂದು ತಲೆಯಾಡಿಸಿ ಇನ್ನಷ್ಟು ಜೋರಾಗಿ ತೋಡಿದಳು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದು ಬೇಸಿಗೆಯಲ್ಲಿ ಸಿಕ್ಕೀತು ಎಂದ ಅಣ್ಣ. ನಂತರ ಹೆಂಡತಿಯ ಪಾದಗಳನ್ನು ತನ್ನ ಜಾಕೆಟ್ಟಿನೊಳಗೆ ಇಟ್ಟುಕೊಂಡು, ಉಜ್ಜುತ್ತಾ ಅಲ್ಲೇ ಕೂತ.

ಮರುದಿನ ಬಿಸಿಲು ಬಂದಿತ್ತು. ನಾವು ಲಾಡ್ಜಿನ ಬಾಗಿಲು ತಲುಪಿದಾಗ ಸಿರಿ ಅಮ್ಮನ ತೋಳು ಬಿಡಲಿಲ್ಲ. ಒಳಗೆ ಹೋಗದೆ ನೇರ ಬಾಡಿಗೆ ಬೂಟಿನ ಅಂಗಡಿಗೆ ಕರೆದೊಯ್ದಳು. ಗೆಳತಿಯರು ಬಂದು ಕರೆದರೆ ಆಮೇಲೆ ಸಿಗುತ್ತೇನೆ ಎಂದಳು. ಅತ್ತಿಗೆ ನನ್ನ ಕಡೆ ನೋಡಿದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಅಲ್ಲಿಂದ ಹೋದದ್ದು ಪುಟ್ಟ ಮಕ್ಕಳು ಕಲಿಯುವ ಇಳಿಜಾರಿಗೆ. ಅಣ್ಣನ ಎವರ್‌ಗ್ರೀನ್ ಮನೆಗೆ ಕಾರು ಏರಿಸುವ ಡ್ರೈವ್‌ವೇ ಇದಕ್ಕಿಂತ ಕಡಿದಾಗಿದೆ. ಸಿರಿ ಅಮ್ಮನ ಎರಡೂ ಕೈ ಹಿಡಿದು ಹಿಂದುಹಿಂದಕ್ಕೆ ಜಾರತೊಡಗಿದಳು. ಅತ್ತಿಗೆ ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಮಣಮಣ ಅನ್ನುತ್ತಾ ಬರುತ್ತಿದ್ದರು. ನಾಲ್ಕು ವರ್ಷದ ಪೋರಿಯೊಬ್ಬಳು ಅವರನ್ನು ದಾಟಿ ಹೋಗುತ್ತಾ "ಗುಡ್ ಜಾಬ್" ಎಂದಳು.

"ಐ ಗಾಟ್ ಯು," ಎನ್ನುತ್ತಿದ್ದಳು ಸಿರಿ. "ನೋಡಿ ಅಮ್ಮ, ಸ್ವಲ್ಪ ಕಣ್ಣು ಬಿಡಿ."

ಅತ್ತಿಗೆ ಕಣ್ಣು ಬಿಟ್ಟರು. ತಾವು ನಿಜವಾಗಿಯೂ ಚಲಿಸುತ್ತಿರುವುದು ಕಂಡು ಗಾಬರಿಯಿಂದ ಮಗಳ ಕೈಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಬ್ಬರೂ ಉರುಳಿದರು. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದ ಸದ್ದು ನನಗೆ ಕೇಳಿಸಿತು. ನಾನೂ ಅಣ್ಣನೂ ಓಡಿದೆವು.

ಅತ್ತಿಗೆ ಅಂಗಾತ ಬಿದ್ದಿದ್ದರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು.

"ಎಲ್ಲಿ ಪೆಟ್ಟಾಯ್ತು? ಹೇಳೇ," ಎಂದು ಅಣ್ಣ ಪಕ್ಕದಲ್ಲಿ ಕುಸಿದ.

ಅತ್ತಿಗೆ ಎಲ್ಲೂ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಮೇಲೆ ಆಕಾಶ ನೋಡುತ್ತಾ, ತಮ್ಮ ಐವತ್ತೊಂದು ವರ್ಷಗಳ ಲೆಕ್ಕವನ್ನು ಯಾರನ್ನೋ ಕೇಳುವವರ ಹಾಗೆ, ಮೆಲ್ಲಗೆ ಕೇಳಿದರು:

"ಬೀಳೋದು ಅಂದ್ರೆ ಇಷ್ಟೇನಾ?"

ಸಿರಿ ಹೆಲ್ಮೆಟ್ ಬಿಚ್ಚಿ ಪಕ್ಕಕ್ಕಿಟ್ಟು, ಅಲ್ಲೇ ಹಿಮದ ಮೇಲೆ, ಅಮ್ಮನ ಭುಜಕ್ಕೆ ತಲೆಯಿಟ್ಟು ಮಲಗಿಕೊಂಡಳು. ಸಾಲಾಗಿ ಬರುತ್ತಿದ್ದ ಪುಟ್ಟ ಮಕ್ಕಳು ಅವರಿಬ್ಬರನ್ನೂ ಬಳಸಿಕೊಂಡು ಇಳಿದು ಹೋದರು.