ಪೆಟ್ಟಿಗೆಗೆ ಕಾಣದ ಅಕ್ಕ

ಸೊಸೆ: ಅತ್ತೆ, ಇನ್ನೊಂದೇ ಒಂದ್ಸಲ ಕೂತ್ಕೊಳ್ಳಿ.

ಅಕ್ಕ: ನೀನು ಪೆಟ್ಟಿಗೆ ಹಚ್ಚೋಕೆ ಮುಂಚೆ ಆರು ಸಲ ಕೂತೆ, ಆರಿಸಿದ ಮೇಲೆ ಆರು ಸಲ ಎದ್ದೆ. ಆರು ಸಲಾನೂ ನಿನ್ನ ಪೆಟ್ಟಿಗೆ "ಯಾರೂ ಇಲ್ಲ" ಅಂತು. ಇಷ್ಟು ದೊಡ್ಡ ಹೆಂಗಸು ಕಣ್ಣೆದುರಿಗೆ ಕೂತಿದ್ರೆ ಯಾರೂ ಇಲ್ವಂತೆ!

ಇನ್ಸ್‌ಪೆಕ್ಟರು: ನನಗಂತೂ ಈ ಯಂತ್ರ ತುಂಬಾ ಹಿಡಿಸಿಬಿಡ್ತು ಕಣಮ್ಮ.

ಅಕ್ಕ: ನೀನು ಬಾಯಿ ಮುಚ್ಚೋ. ಇದೆಲ್ಲಾ ನೀನೇ ಹೇಳಿಕೊಟ್ಟಿರೋದು.

ಇನ್ಸ್‌ಪೆಕ್ಟರು ಎಂದರೆ ಪೊಲೀಸ್ ಇನ್ಸ್‌ಪೆಕ್ಟರಲ್ಲ, ತೂಕ ಮತ್ತು ಅಳತೆ ಇಲಾಖೆಯವರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಹತ್ತಿ ಇಳಿದು ತಕ್ಕಡಿ ಪರೀಕ್ಷೆ ಮಾಡಿದವರು. ನಿವೃತ್ತರಾದ ಮೇಲೂ ಹಾಲಿನ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ತಲೆ ತಿರುಗಿ ಬಿದ್ದರು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು "ಇವರನ್ನು ಒಬ್ಬರೇ ಬಿಡಬೇಡಿ" ಎಂದದ್ದೇ ತಡ, ಎರಡು ಬೀದಿ ಆಚೆ ಇದ್ದ ಅಕ್ಕ ಹೆಣಿಗೆ ಚೀಲ ಹಿಡಿದು ಹಾಜರಾದರು. ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ಆರಕ್ಕೆ ಹೋಗುವುದು. ಐದು ನಿಮಿಷಕ್ಕೊಮ್ಮೆ "ಇದ್ದೀಯೇನೋ?" ಎಂದು ಕೂಗುವುದು. ತಮ್ಮ ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುವುದು. ಪೇಪರ್ ಓದುತ್ತಾ ಪಾಪ, ಒಂದು ಗಳಿಗೆ ಕಣ್ಣು ಮುಚ್ಚಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು. ಇನ್ಸ್‌ಪೆಕ್ಟರಿಗೆ ಸಾಕೋ ಸಾಕಾಗಿ ಹೋಗಿತ್ತು.

ಸೊಸೆ ಎಂಜಿನಿಯರು. ಎರಡು ವರ್ಷ ತಲೆ ಕೆಡಿಸಿಕೊಂಡು, ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಯಂತ್ರ ಮಾಡಿದ್ದಳು. ಗೋಡೆಗೆ ಸಿಕ್ಕಿಸಿದರೆ ಅದು ಐದೇ ಐದು ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಬಿಟ್ಟು, ತಾಗಿ ವಾಪಸು ಬಂದದ್ದನ್ನು ಹಿಡಿದು, ಕೋಣೆಯಲ್ಲಿ ಎಷ್ಟು ಜನ, ಅವರ ಉಸಿರೆಷ್ಟು, ನಾಡಿ ಎಷ್ಟು ಎಂದು ಯಾರನ್ನೂ ಮುಟ್ಟದೆ ಹೇಳುತ್ತದೆ. ಅದನ್ನು ನೋಡಲು ನಾಲ್ಕು ಗಂಟೆಗೆ ಆಸ್ಪತ್ರೆಯ ಹೆಡ್ ನರ್ಸ್ ಬರುವವರಿದ್ದರು. ಅವರು ಒಪ್ಪಿದರೆ ಯಂತ್ರ ಆಸ್ಪತ್ರೆಯ ವಾರ್ಡುಗಳಿಗೂ ಹೋಗುತ್ತದೆ, ಈ ಮನೆಯಲ್ಲೂ ಉಳಿಯುತ್ತದೆ. ಕಾವಲಿಗೆ ಯಂತ್ರ ಬಂದ ಮೇಲೆ ಅಕ್ಕನ ಕಾವಲು ಬೇಕಿಲ್ಲ. ಇನ್ಸ್‌ಪೆಕ್ಟರು ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದರು. ಈಗ ಮೂರು ಗಂಟೆ ದಾಟಿತ್ತು. ಪೆಟ್ಟಿಗೆಯ ಎಣಿಕೆಗೆ ಸಿಗಬಾರದೆಂದು ಸೊಸೆ, ಮಾವ ಇಬ್ಬರೂ ಬಾಗಿಲಾಚೆ ನಿಂತು, ಅದು ಹೇಳುವುದನ್ನು ಸೊಸೆಯ ಫೋನಿನಲ್ಲಿ ನೋಡುತ್ತಿದ್ದರು.

ಸೊಸೆ: ಮಾವ, ಈಗ ನೀವು ಒಳಗೆ ಹೋಗಿ ಮಂಚದ ಮೇಲೆ ಕೂತ್ಕೊಳ್ಳಿ. ಹಾಂ… ನೋಡಿ, "ಒಬ್ಬರು. ಉಸಿರು ಹದಿನಾಲ್ಕು" ಅಂತ ಬಂತು. ಸರಿಯಾಗೇ ಇದೆ. ಅತ್ತೆ, ಈಗ ನೀವು ಆ ಕುರ್ಚಿಯಲ್ಲಿ…

ಅಕ್ಕ: ಕೂತಿದ್ದೀನಲ್ಲೇ.

ಸೊಸೆ: ಕೂತಿದ್ದೀರಾ?

ಅಕ್ಕ: ನೋಡಿದ್ಯಾ! ಪೆಟ್ಟಿಗೆ ಜೊತೆ ಸೇರಿ ಇವಳಿಗೂ ನಾನು ಕಾಣ್ತಿಲ್ಲ.

ಸೊಸೆ: ಅಯ್ಯೋ, ನಾನು ಫೋನ್ ನೋಡ್ತಿದ್ದೆ ಅತ್ತೆ. ಇದು ಈಗಲೂ ಒಬ್ಬರೇ ಅಂತಿದೆ.

ಅಕ್ಕ: ಅವನು ಅಡ್ಡಡ್ಡ ಬಿದ್ದಿದ್ರೂ ಒಬ್ಬರು. ನಾನು ಕೂತು ಸ್ವೆಟರ್ ಹೆಣೀತಿದ್ರೂ ಸೊನ್ನೆ. ಅಲ್ಲ, ನನಗೇನು ಉಸಿರಿಲ್ವಾ?

ಇನ್ಸ್‌ಪೆಕ್ಟರು: ಉಸಿರಿಗೆ ಪುರುಸೊತ್ತೆಲ್ಲಿ ಅಕ್ಕ, ಮಾತೇ ಮುಗಿಯಲ್ವಲ್ಲ ನಿಂದು.

ಅಕ್ಕ: ಇರಲಿ. ನಾನಿಲ್ಲ ಅಂದ್ಮೇಲೆ ಇಲ್ಲಿ ಯಾಕಿರ್ಬೇಕು? ಹೋಗ್ತೀನಿ.

ಅಕ್ಕ ಉಣ್ಣೆಯ ಉಂಡೆಯನ್ನು ಚೀಲಕ್ಕೆ ತುರುಕಿ ದಡಕ್ಕನೆ ಎದ್ದರು. ಬಾಗಿಲ ತನಕ ಹೋದರೋ ಇಲ್ಲವೋ, ಗೋಡೆಯ ಮೇಲಿನ ಪೆಟ್ಟಿಗೆ ಕಿರ್ರೋ ಎಂದು ಅರಚಿಕೊಳ್ಳಲು ಶುರು ಮಾಡಿತು. ಅದರ ಮೂತಿಯಲ್ಲಿ ಕೆಂಪು ದೀಪ ಹತ್ತಿತು.

ಇನ್ಸ್‌ಪೆಕ್ಟರು: ಏನಾಯ್ತಮ್ಮಾ ಇದಕ್ಕೆ?

ಸೊಸೆ: ಕುರ್ಚಿಯಲ್ಲಿ ಒಬ್ಬರಿದ್ದಾರೆ, ಅವರಿಗೆ ಉಸಿರಿಲ್ಲ ಅಂತಿದೆ.

ಮೂವರೂ ಕುರ್ಚಿ ನೋಡಿದರು. ಬೆನ್ನು ಎತ್ತರದ ಹಳೇ ಕುರ್ಚಿ, ಕಿಟಕಿಯ ಕಡೆ ಮುಖ ಮಾಡಿ ಖಾಲಿಯಾಗಿತ್ತು. ಇನ್ಸ್‌ಪೆಕ್ಟರಿಗೆ ನಗು ಒತ್ತರಿಸಿ ಬಂದರೂ ಸೊಸೆಯ ಮುಖ ನೋಡಿ ನುಂಗಿಕೊಂಡರು. ಅವಳ ಮುಖ ಬಿಳಿಚಿಹೋಗಿತ್ತು.

ಅಕ್ಕ: ಅಂದ್ರೆ ಕೂತ್ರೆ ನಾನಿಲ್ಲ. ಎದ್ರೆ ಸತ್ತೋಗಿದ್ದೀನಿ. ತುಂಬಾ ಚೆನ್ನಾಗಿದೆ ಕಣಮ್ಮ ನಿನ್ನ ಎರಡು ವರ್ಷದ ಓದು.

ಸೊಸೆ: ಲ್ಯಾಬಿನಲ್ಲಿ ನೂರಾರು ಸಲ ಸರಿಯಾಗಿ ಬಂದಿತ್ತು ಅತ್ತೆ. ಇಷ್ಟು ದಿನ ಇಲ್ಲದ್ದು ಇವತ್ತೇ ಕೈಕೊಡಬೇಕಾ! ನರ್ಸ್ ಬಂದು ಈ ಅರಚಾಟ ಕೇಳಿದ್ರೆ ಬಾಗಿಲಲ್ಲೇ ತಿರುಗಿ ಹೋಗ್ತಾರೆ. ಮುಗೀತು ನನ್ನ ಕಥೆ.

ಅವಳ ದನಿ ಒಡೆಯಿತು. ಇನ್ಸ್‌ಪೆಕ್ಟರಿಗೆ ಈಗ ನಿಜಕ್ಕೂ ಗಾಬರಿಯಾಯಿತು. ತಮ್ಮ ಬಿಡುಗಡೆ ಕೈತಪ್ಪುತ್ತದೆ ಎನ್ನುವುದು ಒಂದು ಕಡೆ, ಈ ಹುಡುಗಿ ಊಟ ನಿದ್ದೆ ಬಿಟ್ಟು ಮಾಡಿದ್ದು ನೀರಲ್ಲಿ ಹೋಗುತ್ತಲ್ಲ ಎನ್ನುವ ಸಂಕಟ ಇನ್ನೊಂದು ಕಡೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕೆಟ್ಟ ತಕ್ಕಡಿ ಎದುರಾದಾಗಲೆಲ್ಲ ಅವರು ಮಾಡುತ್ತಿದ್ದ ಮೊದಲ ಕೆಲಸ ಅದೇ.

ಇನ್ಸ್‌ಪೆಕ್ಟರು: ಅಳಬೇಡ. ನಾನು ಕೇಳಿದ್ದಕ್ಕೆ ಉತ್ತರ ಹೇಳು. ಇದಕ್ಕೆ ಸೊನ್ನೆ ಮಾಡೋದು ಅಂತ ಇದೆಯೋ?

ಸೊಸೆ: ಇದೆ ಮಾವ. ಮೊದಲು ಖಾಲಿ ಕೋಣೆಯನ್ನ ಹತ್ತು ನಿಮಿಷ ತೋರಿಸ್ಬೇಕು. ಗೋಡೆ, ಮಂಚ, ಕುರ್ಚಿ ಎಲ್ಲಿವೆ ಅಂತ ಅದು ನೆನಪಿಟ್ಟುಕೊಳ್ಳುತ್ತೆ. ಆಮೇಲೆ ಅದನ್ನೆಲ್ಲ ಕಳೆದು, ಹೊಸದಾಗಿ ಬಂದಿದ್ದನ್ನ ಮಾತ್ರ ಮನುಷ್ಯರು ಅಂತ ಎಣಿಸುತ್ತೆ.

ಇನ್ಸ್‌ಪೆಕ್ಟರು: ಯಾವಾಗ ತೋರಿಸಿದ್ದು?

ಸೊಸೆ: ಬೆಳಿಗ್ಗೆ ಒಂಬತ್ತಕ್ಕೆ. ನೀವು ಸ್ನಾನಕ್ಕೆ ಹೋಗಿದ್ರಲ್ಲ, ಆಗ. ಬಾಗಿಲು ಎಳ್ಕೊಂಡು "ಯಾರೂ ಒಳಗೆ ಬರಬೇಡಿ" ಅಂತ ಚೀಟಿನೂ ಅಂಟಿಸಿದ್ದೆ.

ಇನ್ಸ್‌ಪೆಕ್ಟರು: ಅಕ್ಕ, ಒಂಬತ್ತಕ್ಕೆ ನೀನೆಲ್ಲಿದ್ದೆ?

ಅಕ್ಕ: ಇಲ್ಲೇ ಇದ್ದೆ, ಈ ಕುರ್ಚೀಲಿ.

ಸೊಸೆ: ಅತ್ತೇ! ಚೀಟಿ ನೋಡಲಿಲ್ವಾ?

ಅಕ್ಕ: ಚೀಟಿನ ಬಾಗಿಲ ಹೊರಗಡೆ ಅಂಟಿಸಿದ್ರೆ ಒಳಗಿರೋಳಿಗೆ ಹೇಗೆ ಕಾಣ್ಬೇಕೇ? "ಒಳಗೆ ಬರಬೇಡಿ" ಅಂತ ತಾನೇ ಬರ್ದಿದ್ದು? ನಾನು ಬರಲಿಲ್ಲ. ಮೊದಲೇ ಬಂದು ಕೂತಿದ್ದೆ.

ಸೊಸೆ ಹಣೆ ಹಣೆ ಬಡಿದುಕೊಂಡಳು. ಎತ್ತರದ ಬೆನ್ನಿನ ಆಚೆಗೆ ಕೂತಿದ್ದ ಅತ್ತೆ ಅವಳಿಗೆ ಕಂಡಿರಲೇ ಇಲ್ಲ.

ಇನ್ಸ್‌ಪೆಕ್ಟರು: ನನಗೆ ಗೊತ್ತಾಯ್ತು ಬಿಡಮ್ಮ. ಡಬ್ಬಿ ತಟ್ಟೆ ಮೇಲೆ ಇರೋವಾಗ್ಲೇ ಸೊನ್ನೆ ಒತ್ತಿದ್ರೆ ತಕ್ಕಡಿ ಏನು ಮಾಡುತ್ತೆ? ಡಬ್ಬಿನ ತಟ್ಟೆ ಜೊತೆ ಸೇರಿಸಿಬಿಡುತ್ತೆ. ಡಬ್ಬಿ ಇರೋ ತನಕ ಸೊನ್ನೆ ತೋರಿಸುತ್ತೆ. ಡಬ್ಬಿ ಎತ್ತಿದ್ರೆ ಲೆಕ್ಕ ತಪ್ತು ಅಂತ ಬಾಯಿ ಬಡ್ಕೊಳ್ಳುತ್ತೆ. ನಮ್ಮಕ್ಕನ್ನ ತಟ್ಟೇಲಿಟ್ಟು ಸೊನ್ನೆ ಒತ್ತಿದ್ದೀಯ ನೀನು.

ಅಕ್ಕ: ನಾನು ಡಬ್ಬಿನಾ?

ಸೊಸೆ: ಮಾವ, ನೂರಕ್ಕೆ ನೂರು ನಿಜ! ಅತ್ತೇನ ಅದು ಕುರ್ಚಿಯ ಭಾಗ ಅಂದ್ಕೊಂಡಿದೆ. ಎದ್ದು ಹೋದ್ರೆ ಅಲ್ಲೇನೋ ಬದಲಾಯ್ತು, ಯಾರೋ ಇದ್ದಾರೆ ಅನ್ನುತ್ತೆ. ಖಾಲಿ ಕುರ್ಚಿಗೆ ಉಸಿರೆಲ್ಲಿಂದ ಬರಬೇಕು!

ಅಕ್ಕ: ಓಹೋ, ಈಗ ಕುರ್ಚಿನೂ ಆದೆ.

ಇನ್ಸ್‌ಪೆಕ್ಟರು: ಅದೆಲ್ಲ ಇರಲಿ. ಹುಟ್ಟಿದಾಗಿಂದ ನೋಡ್ತಿದ್ದೀನಿ, ನೀನು ಹತ್ತು ನಿಮಿಷ ಅಲುಗಾಡದೆ, ಮಾತಾಡದೆ ಕೂತಿದ್ದು ಇದೇ ಮೊದಲು. ಅದೂ ಎಂಥಾ ಹೊತ್ತಲ್ಲಿ! ಏನು ಮಾಡ್ತಿದ್ದೆ?

ಅಕ್ಕ: ನಿದ್ದೆ ಬಂದಿತ್ತು.

ಇನ್ಸ್‌ಪೆಕ್ಟರು: ಬೆಳಿಗ್ಗೆ ಒಂಬತ್ತಕ್ಕೆ?

ಅಕ್ಕ: ಇನ್ನೇನು ಮಾಡ್ಲಿ? ಮನೇಲಿ ಮಲಗಿದ್ರೆ ನಿದ್ದೆ ಹತ್ತಲ್ಲ. ಅವತ್ತು ಇದೇ ಮನೇಲಿ ಮೂರು ಸಲ ಕೂಗಿದೆ, ನೀನು ಓ ಅನ್ನಲಿಲ್ಲ. ಬಚ್ಚಲು ಬಾಗಿಲು ತಳ್ಳಿದ್ರೆ ನೆಲದ ಮೇಲೆ ಬಿದ್ದಿದ್ದೆ. ಆಗಿಂದ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ ಕಣೋ. ಇಲ್ಲಿ ಬಂದು, ನೀನು ಬಚ್ಚಲಲ್ಲಿ ಕರ್ಣಕಠೋರವಾಗಿ ಹಾಡೋದು ಕಿವಿಗೆ ಬಿದ್ರೆ, ಸದ್ಯ ಇದ್ದಾನಲ್ಲ ಅಂತ ನಿದ್ದೆ ಬರುತ್ತೆ.

ಎರಡು ತಿಂಗಳಿಂದ ಆ "ಇದ್ದೀಯೇನೋ" ಕೇಳಿ ಕೇಳಿ ರೇಗುತ್ತಿದ್ದ ಮನುಷ್ಯ, ಕೇಳುವವಳಿಗೆ ಏನಾಗಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ. ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಗಡಿಯಾರ ನೋಡಿದ ಸೊಸೆ ಹೌಹಾರಿದಳು.

ಸೊಸೆ: ಮೂರೂ ಮುಕ್ಕಾಲು! ಎಲ್ಲರೂ ಹೊರಗೆ ನಡೀರಿ. ಇನ್ನೊಂದ್ಸಲ ಖಾಲಿ ಕೋಣೆ ತೋರಿಸ್ತೀನಿ. ಅತ್ತೆ, ಬೇಗ.

ಅಕ್ಕ ಹೊರಗೆ ಹೋಗುವ ಬದಲು ವಾಪಸು ಬಂದು ಅದೇ ಕುರ್ಚಿಯಲ್ಲಿ ಭದ್ರವಾಗಿ ಕೂತರು. ಅರಚುತ್ತಿದ್ದ ಪೆಟ್ಟಿಗೆ ತಟ್ಟನೆ ಸುಮ್ಮನಾಯಿತು.

ಅಕ್ಕ: ನಾನು ಏಳಲ್ಲ.

ಸೊಸೆ: ಯಾಕತ್ತೆ?

ಅಕ್ಕ: ಇದು ಸರಿಹೋದ್ರೆ ನನ್ನನ್ನ ಮನೆಗೆ ಕಳಿಸ್ತೀರ. ನನಗೇನು ಗೊತ್ತಿಲ್ವಾ? ಬೆಳಿಗ್ಗೆಯಿಂದ ಇವನು ಇಸ್ತ್ರಿ ಅಂಗಿ ಹಾಕ್ಕೊಂಡು ಹಲ್ಲು ಕಿರೀತಿದ್ದಾನೆ. ಈಗ ಹೇಗಿದೆಯೋ ಹಾಗೇ ಇರಲಿ. ನಾನು ಎದ್ರೆ ಬಾಯಿ ಬಡ್ಕೊಳ್ಳೋದು ಈ ಮನೇಲಿ ಇದೊಂದೇ.

ಇನ್ಸ್‌ಪೆಕ್ಟರು: ಅಕ್ಕ, ನಿನಗೆ ಕೈ ಮುಗೀತೀನಿ. ಏಳು.

ಅಕ್ಕ: ಕಾಲಿಗೆ ಬಿದ್ರೂ ಇಲ್ಲ.

ಸೊಸೆ ಮಂಚದ ತುದಿಯಲ್ಲಿ ಕೂತು ಫೋನನ್ನು ಪಕ್ಕಕ್ಕಿಟ್ಟಳು. ಅವಳ ಕಣ್ಣಿಂದ ಒಂದು ಹನಿ ಜಾರಿದ್ದೇ ಅಕ್ಕನ ಹಟ ಅರ್ಧ ಇಳಿಯಿತು, ಎರಡನೆಯದು ಜಾರಿದಾಗ ಪೂರ್ತಿ ಇಳಿಯಿತು.

ಅಕ್ಕ: ಅಯ್ಯೋ, ಅದಕ್ಕೆಲ್ಲ ಅಳ್ತಾರೇನೇ? ಏಳ್ತೀನಿ ಮಗಳೇ. ನಿನಗೋಸ್ಕರ ಏಳ್ತಿರೋದು. ಇವನಿಗೋಸ್ಕರ ಅಲ್ಲ.

ಮೂವರೂ ಹೊರಗಿನ ಪಡಸಾಲೆಯಲ್ಲಿ ಗೋಡೆಗೊರಗಿ ನಿಂತರು. ಅಕ್ಕ ಮಾತಿಲ್ಲದೆ ಚೀಲ ಅಪ್ಪಿಕೊಂಡು ಮೆಟ್ಟಿಲ ಕಡೆ ನೋಡುತ್ತಿದ್ದರು. ಒಂದು ನಿಮಿಷ ಹೋಯಿತು. ಎರಡು ಹೋಯಿತು. ಇಷ್ಟು ದಿನ ಬೇಕು ಬೇಕು ಎನ್ನುತ್ತಿದ್ದ ನಿಶ್ಶಬ್ದ ಸಿಕ್ಕೇ ಬಿಟ್ಟಿತ್ತು. ಅದು ಇನ್ಸ್‌ಪೆಕ್ಟರಿಗೆ ಒಂದಿಷ್ಟೂ ಸೇರಲಿಲ್ಲ.

ಇನ್ಸ್‌ಪೆಕ್ಟರು: ಇದ್ದೀಯೇನಕ್ಕಾ?

ಅಕ್ಕ: ಇಲ್ಲ. ಒಳಗೆ ಹೋಗಿ ಪೆಟ್ಟಿಗೆ ಕೇಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಿರುಸಾದ ಹೆಜ್ಜೆ ಕೇಳಿಸಿತು. ಹೆಡ್ ನರ್ಸ್ ಬಂದರು. ಗಟ್ಟಿ ಆಳು, ಗಟ್ಟಿ ದನಿ, ಕೈಯಲ್ಲೊಂದು ಫೈಲು.

ನರ್ಸ್: ಇದೇನು, ಎಲ್ಲರೂ ಹೊರಗೇ ನಿಂತಿದ್ದೀರಿ? ಒಳಗೆ ಯಾರಿದ್ದಾರೆ?

ಇನ್ಸ್‌ಪೆಕ್ಟರು: ಯಾರೂ ಇಲ್ಲ ಮೇಡಂ. ಅದನ್ನೇ ಅಳೀತಿದ್ದೀವಿ.

ಹತ್ತು ನಿಮಿಷ ಮುಗಿದ ಮೇಲೆ ಸೊಸೆ ಬಾಗಿಲಾಚೆಯೇ ನಿಂತು, ಮೊದಲು ಮಾವನನ್ನು ಒಳಗೆ ಕಳಿಸಿದಳು. ಫೋನಿನಲ್ಲಿ "ಒಬ್ಬರು. ಉಸಿರು ಹದಿನಾಲ್ಕು. ನಾಡಿ ಅರವತ್ತೆರಡು" ಎಂದು ಬಂತು. ನರ್ಸ್ ಹಿಂದೆಯೇ ಹೋಗಿ, ಕೈ ಹಿಡಿದು, ಗಡಿಯಾರ ನೋಡಿ ಎಣಿಸಿದರು.

ನರ್ಸ್: ಅರವತ್ತೆರಡೇ. ಭೇಷ್! ಅದಿರಲಿ ಯಜಮಾನ್ರೇ, ದಿನಾ ಎರಡು ಸಲ ನಡೀಬೇಕು, ನಾಡಿ ತೊಂಬತ್ತು ಮುಟ್ಟಬೇಕು ಅಂತ ಡಾಕ್ಟ್ರು ಬರ್ಕೊಟ್ಟಿದ್ರಲ್ಲ. ನಡೀತಿದ್ದೀರಾ?

ಇನ್ಸ್‌ಪೆಕ್ಟರು: ನಡೀತೀನಿ ಮೇಡಂ, ತಪ್ಪದೆ.

ಅಕ್ಕ: ಸುಳ್ಳು! ಮಂಚದಿಂದ ಊಟದ ಮೇಜಿಗೆ ನಡೀತಾನೆ. ಅಲ್ಲಿಂದ ಮಂಚಕ್ಕೆ.

ಬಾಗಿಲಾಚೆ ನಿಂತಿದ್ದ ಅಕ್ಕ ತಡೆಯಲಾರದೆ ಒಳಗೆ ಬಂದುಬಿಟ್ಟಿದ್ದರು. ನರ್ಸ್ ಸೇರಿ "ಇಬ್ಬರು" ಎನ್ನುತ್ತಿದ್ದ ಫೋನು ತಕ್ಷಣ "ಮೂವರು" ಎಂದಿತು. ಸೊಸೆಗೆ ಹೋದ ಜೀವ ಬಂದಂತಾಯಿತು.

ಸೊಸೆ: ಅತ್ತೆ, ನೀವು ಕಾಣಿಸ್ತಿದ್ದೀರಿ! ಉಸಿರು ಹದಿನೆಂಟು!

ನರ್ಸ್: ಒಂದ್ನಿಮಿಷ, ಯಜಮಾನ್ರ ನಾಡಿ ಎಪ್ಪತ್ತೊಂದಾಯ್ತಲ್ಲ?

ಅಕ್ಕ: ಆಗದೆ ಏನು? ಸುಳ್ಳು ಹೇಳಿದ್ರೆ ಇವನಿಗೆ ಮೊದಲಿಂದ್ಲೂ ಹೀಗೇ. ಶಾಲೇಲಿ ಮಕ್ಕಳ ತೂಕ ನೋಡೋಕೆ ಬಂದಾಗ ಹೊಟ್ಟೆನೋವು ಅಂತ ಸುಳ್ಳು ಹೇಳಿ ಬೆಂಚಿನಡಿ ಸೇರ್ಕೊಂಡಿದ್ದ. ತಕ್ಕಡಿ ಕಂಡ್ರೆ ಅಷ್ಟು ಹೆದರಿಕೆ!

ಇನ್ಸ್‌ಪೆಕ್ಟರು: ಅಕ್ಕಾ, ಅದೆಲ್ಲ ಇಲ್ಲಿ ಯಾಕೆ?

ಸೊಸೆ: ಎಂಬತ್ತು.

ಅಕ್ಕ: ಮೇಷ್ಟ್ರು ನನ್ನನ್ನ ಕರೆಸಿದ್ರು ಮೇಡಂ. ನಾನೇ ಕಾಲು ಹಿಡಿದು ಎಳೆದು ತಕ್ಕಡಿ ಮೇಲೆ ನಿಲ್ಲಿಸಿದ್ದು. ನಿಂತಲ್ಲೇ ಚಡ್ಡಿ…

ಇನ್ಸ್‌ಪೆಕ್ಟರು: ಅಕ್ಕಾ!!

ಸೊಸೆ: ತೊಂಬತ್ತೊಂದು!

ಇನ್ಸ್‌ಪೆಕ್ಟರು: ನೋಡಿ ಮೇಡಂ, ಕಣ್ಣಾರೆ ನೋಡಿ. ಇದನ್ನೇ ನಾನು ಎರಡು ತಿಂಗಳಿಂದ ಅನುಭವಿಸ್ತಿರೋದು.

ನರ್ಸ್ ಅಕ್ಕನನ್ನು ಸುಮ್ಮನಿರಿಸಿ, ಇನ್ಸ್‌ಪೆಕ್ಟರ ನಾಡಿ ನಿಧಾನವಾಗಿ ಅರವತ್ತೈದಕ್ಕೆ ಇಳಿಯುವ ತನಕ ಫೋನನ್ನೇ ನೋಡುತ್ತಾ ನಿಂತರು. ಆಮೇಲೆ ಫೈಲು ತೆರೆದು ಪೆನ್ನು ತೆಗೆದರು.

ನರ್ಸ್: ಚೆನ್ನಾಗಿ ಏರುತ್ತೆ, ಚೆನ್ನಾಗಿ ಇಳಿಯುತ್ತೆ. ನಮಗೆ ಬೇಕಾಗಿದ್ದೂ ಅದೇ. ನಿಮ್ಮ ಪೆಟ್ಟಿಗೆ ಪಾಸಾಯ್ತಮ್ಮ, ಮೊದಲು ನಮ್ಮ ಎರಡು ವಾರ್ಡಿಗೆ ಹಾಕೋಣ. ಈ ಮನೇಲೂ ಇರಲಿ. ಅಮ್ಮಾ, ನೀವು ಇನ್ಮೇಲೆ ಇಡೀ ದಿನ ಇಲ್ಲಿ ಕಾವಲು ಕೂರೋದು ಬೇಡ.

ಅಕ್ಕನ ಮುಖ ಸಣ್ಣಗಾಯಿತು. ಇನ್ಸ್‌ಪೆಕ್ಟರು ಗೆದ್ದಿದ್ದರು, ಆದರೆ ಗೆದ್ದವರ ಹಾಗೆ ಕಾಣಲಿಲ್ಲ.

ಇನ್ಸ್‌ಪೆಕ್ಟರು: ಹಾಗಂತ ಪೂರ್ತಿ ಬರಲೇಬೇಡಿ ಅಂತೇನಲ್ಲ ಅಲ್ವಾ ಮೇಡಂ?

ನರ್ಸ್: ಅದೆಲ್ಲಿ ಬಿಡ್ತೀನಿ? ನೀವಂತೂ ನಡೆಯಲ್ಲ, ನಿಮ್ಮ ನಾಡಿ ತೊಂಬತ್ತು ಮುಟ್ಟಿಸೋದು ಇವರೊಬ್ಬರೇ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಅಕ್ಕ. ತಪ್ಪಿಸೋ ಹಾಗಿಲ್ಲ. ಇಗೋ, ಬರೆದೇ ಕೊಟ್ಟಿದ್ದೀನಿ.

ಅಕ್ಕ ಆ ಚೀಟಿ ಇಸಿದುಕೊಂಡು, ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ಓದಿದರು.

ಅಕ್ಕ: ಎಲ್ಲಾ ಸರಿ ಮೇಡಂ. ಆದ್ರೆ ನನ್ನನ್ನ ಊಟಕ್ಕೆ ಮುಂಚೆ ಕೊಡ್ಬೇಕೋ, ಊಟ ಆದ್ಮೇಲೋ, ಅದನ್ನೇ ಬರೆದಿಲ್ವಲ್ಲ?