ಗಂಗಣ್ಣನ ಬೀಳ್ಕೊಡುಗೆಗೆ ನಾನು ಬರೆದ ಇಂಗ್ಲಿಷ್ ಮೇಲ್

ಏನೂ ಗೊತ್ತಿಲ್ಲದವನು ಸುಮ್ಮನೆ ಒಂದು ಕಡೆ ಕೂತಿರುತ್ತಾನೆ. ಅರೆಬರೆ ಗೊತ್ತಿರುವವನನ್ನು ಮಾತ್ರ ಆ ವಿದ್ಯೆ ಕೂರಲು ಬಿಡುವುದಿಲ್ಲ. ನನ್ನ ಇಂಗ್ಲಿಷ್ ಅಂಥದ್ದು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸರಕು ಕಳಿಸುವ ವಿಭಾಗದ ಸೂಪರ್‌ವೈಸರ್ ನಾನು. ಅಲ್ಲಿ ಯಾರಿಗೆ ರಜೆ ಬೇಕಾದರೂ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವನು ನಾನೇ. ಜ್ವರಕ್ಕೂ ನಾಮಕರಣಕ್ಕೂ ಒಂದೇ ಒಕ್ಕಣೆ, ಕಾರಣ ಮಾತ್ರ ಬೇರೆ. ಯಾವ ಮ್ಯಾನೇಜರೂ ಇದುವರೆಗೆ ತಪ್ಪು ಹುಡುಕಿರಲಿಲ್ಲ, ಹಾಗಾಗಿ ತಪ್ಪಿಲ್ಲವೆಂದೇ ನಂಬಿದ್ದೆ. ಅವರು ಅದನ್ನು ಓದುವುದೇ ಇಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮ ವಿಭಾಗದ ಗಂಗಣ್ಣ ನಿವೃತ್ತನಾಗುವ ದಿನ ಹತ್ತಿರ ಬಂತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕ್ಯಾಂಟೀನ್ ಊಟ ಒಗ್ಗದೆ ಒದ್ದಾಡುತ್ತಿದ್ದಾಗ, ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದುಕೊಟ್ಟವನು ಅವನು. ಆಮೇಲೆ ಅವನ ಹೆಂಡತಿ ಜಯಮ್ಮ ನನಗೆಂದೇ ಇನ್ನೊಂದು ಡಬ್ಬಿ ಕಳಿಸತೊಡಗಿದರು. ಅವರನ್ನು ನಾನು ಅತ್ತಿಗೆ ಅನ್ನುವುದು ಬರೀ ಮರ್ಯಾದೆಗಲ್ಲ. ಅತ್ತಿಗೆಗೆ ದೇವನಹಳ್ಳಿ ರಸ್ತೆಯಲ್ಲಿರುವ ಒಂದು ಪಾರ್ಟಿ ಹಾಲಿನ ಮೇಲೆ ಕಣ್ಣು. ಬಸ್ಸಿನಲ್ಲಿ ಹೋಗುವಾಗೆಲ್ಲ ಅದರ ಹುಲ್ಲುಹಾಸು, ಕಾರಂಜಿ ನೋಡಿ, "ಒಳಗೆ ಹೆಂಗಿರುತ್ತೋ" ಅನ್ನುತ್ತಿದ್ದರಂತೆ. ಬೀಳ್ಕೊಡುಗೆ ಅಲ್ಲೇ ಆಗಲಿ ಎಂದು ವಿಭಾಗದವರೆಲ್ಲ ತೀರ್ಮಾನಿಸಿ, ವಿಚಾರಿಸುವ ಕೆಲಸ ನನಗೆ ವಹಿಸಿದರು.

"ಬೈಕಲ್ಲಿ ಹೋಗಿ ಕೇಳ್ಕೊಂಡು ಬನ್ನಿ, ಅದೇನು ದೂರಾನಾ?" ಅಂದಳು ನನ್ನ ಹೆಂಡತಿ ಸುಧಾ.

"ಅಂಥ ಕಡೆ ಹಂಗೆಲ್ಲ ಹೋಗಿ ಕೇಳಕ್ಕಾಗಲ್ಲ. ಮೇಲ್ ಮಾಡ್ಬೇಕು," ಅಂದೆ.

ಭಾನುವಾರ ಸ್ನಾನ ಮಾಡಿ ಕೂತು ಬರೆದೆ. ನಿವೃತ್ತಿಗೆ ರಿಟೈರ್‌ಮೆಂಟ್ ಎಂಬ ಪದ ನನಗೂ ಗೊತ್ತಿತ್ತು, ಆದರೆ ಅದು ಎಲ್ಲರಿಗೂ ಗೊತ್ತಿರುವ ಪದ. ವಿಶ್ರಾಂತ ಜೀವನ ಎಂಬುದಕ್ಕೆ ಘನವಾದದ್ದೊಂದು ಬೇಕೆಂದು ಫೋನಿನ ನಿಘಂಟಿನಲ್ಲಿ ತಡಕಿದಾಗ 'ಎಟರ್ನಲ್ ರೆಸ್ಟ್' ಸಿಕ್ಕಿತು. ನಮ್ಮ ಪ್ರೀತಿಯ ಗಂಗಣ್ಣ ನಮ್ಮನ್ನು ಬಿಟ್ಟು ಎಟರ್ನಲ್ ರೆಸ್ಟಿಗೆ ಹೋಗುತ್ತಿದ್ದಾರೆ, ಅವರ ಅಂತಿಮ ವಿದಾಯಕ್ಕೆ ಹಾಲ್ ಬೇಕು, ಕುಟುಂಬದವರೂ ಬರುತ್ತಾರೆ ಎಂದು ಬರೆದು ಸುಧಾಗೆ ಓದಿ ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಾ, "ಇಷ್ಟುದ್ದ ಯಾಕೆ?" ಅಂದಳು.

ಉತ್ತರ ಬೇಗ ಬಂತು. ಮೊದಲ ಸಾಲಿನಲ್ಲೇ ಸಾರಿ. ಇಂಗ್ಲಿಷಿನವರು ಮೈ ತಾಗಿದರೂ ಸಾರಿ ಅನ್ನುತ್ತಾರೆ, ಇದು ಅವರ ಸೌಜನ್ಯ ಅಂದುಕೊಂಡೆ. ಒಂದು ಫೋಟೋ ಕಳಿಸಿ ಅಂದಿದ್ದರು. ಬಾಗಿಲಲ್ಲಿ ಬ್ಯಾನರ್ ಹಾಕಬಹುದೆಂದು ಆಯುಧಪೂಜೆಯ ಫೋಟೋದಿಂದ ಗಂಗಣ್ಣನ ಮುಖ ಕತ್ತರಿಸಿ ಕಳಿಸಿದೆ. ಊಟ, ಹೂವು ಎಲ್ಲ ಸಂದರ್ಭಕ್ಕೆ ತಕ್ಕಂತೆ ಮಾಡಲೇ ಎಂದು ಕೇಳಿದ್ದಕ್ಕೆ ಧಾರಾಳವಾಗಿ ಒಪ್ಪಿಗೆ ಕೊಟ್ಟೆ.

ಆ ದಿನ ನಾವೆಲ್ಲ ವ್ಯಾನಿನಲ್ಲಿ ಹೋಗಿ ಇಳಿದೆವು. ಅತ್ತಿಗೆ ಹಸಿರು ರೇಷ್ಮೆ ಸೀರೆ ಉಟ್ಟು, ಎಲ್ಲರಿಗಿಂತ ಮುಂದೆ ನಡೆದರು. ಒಳಗೆ ಹಾಡಿಲ್ಲ, ಬಣ್ಣದ ದೀಪವಿಲ್ಲ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಚೌಕಟ್ಟು ಹಾಕಿದ ಗಂಗಣ್ಣನ ಫೋಟೋ, ಅದಕ್ಕೆ ಸುಗಂಧರಾಜದ ಹಾರ, ಮುಂದೆ ಉರಿಯುವ ದೀಪ. ಹಾಲಿನ ಮ್ಯಾನೇಜರು ಕೈಮುಗಿದು ಬಂದು, ನಮ್ಮಲ್ಲಿ ಹಿರಿಯನಾಗಿ ಕಂಡ ಗಂಗಣ್ಣನನ್ನೇ ಅಚ್ಚ ಕನ್ನಡದಲ್ಲಿ ಮೆಲ್ಲಗೆ ಕೇಳಿದರು, "ತೀರಿಕೊಂಡವರು ನಿಮಗೆ ಏನಾಗ್ಬೇಕು ಸರ್?"

ಗಂಗಣ್ಣ ಫೋಟೋ ನೋಡಿದ, ಮ್ಯಾನೇಜರನ್ನು ನೋಡಿದ. "ಅದು ನಾನೇ ಕಣಪ್ಪ," ಅಂದ.

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮ್ಯಾನೇಜರು ಬೆವರುತ್ತಾ ಫೋನ್ ತೆಗೆದು ನಾನು ಕಳಿಸಿದ ಮೇಲ್ ನನಗೇ ತೋರಿಸಿ, ಎಟರ್ನಲ್ ರೆಸ್ಟ್ ಅಂದರೆ ಸಾವು ಎಂದು ತಿಳಿಸಿದರು. ಅತ್ತಿಗೆ ಹಾರ ತೆಗೆದಿಟ್ಟು, ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ವ್ಯಾನಿನಲ್ಲಿ ಕೂತರು. ಎಷ್ಟು ಕರೆದರೂ ಇಳಿಯಲಿಲ್ಲ. ಕಾರಂಜಿಯ ಕಡೆ ತಿರುಗಿಯೂ ನೋಡಲಿಲ್ಲ. ಬಿರಿಯಾನಿಯ ಆಸೆಯಲ್ಲಿ ಬೆಳಿಗ್ಗೆಯಿಂದ ಹಸಿದಿದ್ದ ನಮ್ಮವರು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರನ್ನು ತಲೆತಗ್ಗಿಸಿ ಉಂಡರು. ಗಂಗಣ್ಣ ಮಾತ್ರ ನನ್ನ ಪಕ್ಕವೇ ಕೂತು, "ಸಾರು ಚೆನ್ನಾಗೈತೆ, ಉಣ್ಣು," ಅಂದ. ಅವನು ಬೈದಿದ್ದರೆ ನನಗೆ ಆ ತುತ್ತು ಇಳಿಯುತ್ತಿತ್ತೇನೋ.

ಮರುದಿನವೇ ಅತ್ತಿಗೆ ಅವನನ್ನು ಘಾಟಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿಕೊಂಡು ಬಂದರಂತೆ. ಅಲ್ಲಿಂದೀಚೆಗೆ ನಾನು ಯಾವಾಗ ಫೋನ್ ಮಾಡಿದರೂ ಎತ್ತುವವರು ಅವರೇ. "ಚೆನ್ನಾಗವ್ರೆ," ಎಂದಷ್ಟೇ ಹೇಳಿ ಇಡುತ್ತಾರೆ. ಗಂಗಣ್ಣನಿಗೆ ಕೊಡುವುದಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದಾಗ ಅವನ ಕ್ಷೇಮ ಒಂದು ದಿನವೂ ವಿಚಾರಿಸದ ನಾನು, ಈಗ ವಿಚಾರಿಸಿದರೆ ಅವರಿಗೆ ಅಪಶಕುನದ ಹಾಗೆ ಕೇಳಿಸುತ್ತದೋ ಏನೋ.

ಹೋದ ಭಾನುವಾರ ಸುಧಾಳ ಒತ್ತಾಯಕ್ಕೆ ಅವರ ಮನೆಗೇ ಹೋದೆ. ತಪ್ಪಾಯ್ತು ಅತ್ತಿಗೆ, ಎರಡೇ ಪದ. ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಂಡೇ ಹೋಗಿದ್ದೆ. ಅತ್ತಿಗೆ ಬಾಗಿಲಿಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತ ನಿಂತರು.

"ಅತ್ತಿಗೆ, ನಲ್ಲೀಲಿ ನೀರು ಬಿಟ್ಟವ್ರಾ?" ಅಂದೆ.

"ಬಿಟ್ಟವ್ರೆ," ಅಂದು ಒಳಗೆ ಹೋದರು.

ಮನೆಗೆ ಬಂದಾಗ ಸುಧಾ ಕಾಯುತ್ತಿದ್ದಳು. "ಹೇಳಿದ್ರಾ? ಏನಂದ್ರು?"

"ಅವರ ಬೀದೀಲಿ ನೀರು ಬಂದಿದೆಯಂತೆ," ಅಂದೆ.