ಗಾಳಿ ಅಳೆಯುವವನ ಬಾಲ್ಯ

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸ ಬರುವಾಗಲೇ ಕೋರೆಹಲ್ಲು ಹೊತ್ತು ಬರುತ್ತಿದ್ದ. ಅವನ ಹಾಲುಹಲ್ಲು ಯಾವಾಗ ಬಿದ್ದವು, ಅವನವ್ವ ಅವನನ್ನು ಯಾಕೆ ಬೈದಳು ಎಂದು ನಾವ್ಯಾರೂ ಕೇಳಲಿಲ್ಲ. ಕೇಳಿದ್ದರೆ ಅಜ್ಜಿ ನಮ್ಮನ್ನೇ ಬೈಯುತ್ತಿದ್ದಳು. ಈಗಿನ ಕಾದಂಬರಿಕಾರರಿಗೆ ಅಂಥ ಅಜ್ಜಿಯರು ಸಿಕ್ಕಿಲ್ಲ, ಅದೇ ಸಂಕಟ.

ಕಾಲೇಜಿಗೆ ಹೋಗುವ ನನ್ನ ಮಗಳು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿಯೊಂದನ್ನು ತಂದಳು. ಮುಂದೆಂದೋ ಬರಲಿರುವ ಒಂದು ನಗರ. ಅಲ್ಲಿನ ದೊರೆ ಜನರಿಗೆ ಗಾಳಿಯನ್ನೂ ಅಳೆದು ಬಿಡುತ್ತಾನೆ. ಅವನ ಕೇಡೆಲ್ಲ ಹಿಂದಿನ ಸಂಪುಟಗಳಲ್ಲೇ ಮುಗಿದಿದೆಯಂತೆ. ಇದರಲ್ಲಿ ಅವನ ಎಳೆತನ: ಕಿಟಕಿಯಿಲ್ಲದ ಕೋಣೆಯಲ್ಲಿ ಬೆಳೆದ, ಹುಡುಗಿಯೊಬ್ಬಳು ಕೈಬಿಟ್ಟಳು, ಪಾಪ. ನಾನೂ ಕನ್ನಡಕ ಏರಿಸಿ ಓದಿದೆ. ಅರ್ಧ ಪುಸ್ತಕ ಮುಗಿದರೂ ಆಸಾಮಿ ಒಂದು ಇರುವೆಯನ್ನೂ ತುಳಿದಿರಲಿಲ್ಲ. ಗೋಡೆಯತ್ತ ತಿರುಗಿ ಮಲಗಿ ನಿಟ್ಟುಸಿರು ಬಿಡುತ್ತಿದ್ದ. ಕಿಟಕಿಯಿಲ್ಲದ ಕೋಣೆ ಮನುಷ್ಯನನ್ನು ಕೆಡಿಸುವುದೇ ನಿಜವಾದರೆ ನಮ್ಮ ಸೀಮೆಯ ಹಳೆಯ ಮನೆಗಳಿಂದ ಒಬ್ಬ ಸಜ್ಜನನೂ ಹೊರಬರುತ್ತಿರಲಿಲ್ಲ.

"ಅಪ್ಪಾ, ಅಂವ ಯಾಕ ಹಂಗಾದ ಅಂತ ತಿಳೀಬೇಕಲ್ಲರಿ?" ಎಂದಳು ಮಗಳು.

"ಚೇಳು ಕಡದಾಗ ಅದರ ಜಾತಕ ಕೇಳ್ತೀ ಏನು?" ಎಂದೆ. ಆ ಮಾತು ನನಗೇ ಬಹಳ ಹಿಡಿಸಿತು.

ಕುಸನೂರಿನ ನಮ್ಮ ಮನೆಯಲ್ಲಿರುವುದು ಒಂದೇ ಕೂಲರ್. ಕಲಬುರಗಿಯ ಬಿಸಿಲಲ್ಲಿ ಅದರ ಮುಖ ಯಾರ ಕಡೆಗಿದೆಯೋ ಅವರೇ ಮನೆಯ ಯಜಮಾನರು. ಅದಕ್ಕೆ ನೀರು ತುಂಬುವವಳು ಹೆಂಡತಿ, ಗಾಳಿ ತೆಗೆದುಕೊಳ್ಳುವವನು ನಾನು. ತಾಯಿ ಮಗಳು ಗೊಣಗುತ್ತ ಮೊರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಆ ಗೊಣಗು ಕೇಳುತ್ತಲೇ ನನಗೆ ಸುಖನಿದ್ದೆ ಹತ್ತುತ್ತಿತ್ತು.

ಮೊನ್ನೆ ಕಮಲಾಪುರದಿಂದ ನನ್ನ ಅಕ್ಕ ಕೆಂಪು ಬಾಳೆಹಣ್ಣು ಹಿಡಿದು ಬಂದಳು. ಮಧ್ಯಾಹ್ನ ನನ್ನೊಬ್ಬನ ಕಡೆಗೇ ತಿರುಗಿದ್ದ ಕೂಲರ್ ನೋಡಿ ನಕ್ಕಳು.

"ಇಂವ ಇನ್ನಾ ಹಂಗೇ ಇದ್ದಾನ ನೋಡು. ಸಣ್ಣಾಂವ ಇದ್ದಾಗ, ಬೀಗರು ಬಂದ್ರ ಮಲಗಾಕ ಅಂಗಳದಾಗಿನ ಹೊರಸು ಅವರಿಗಿ. ಇವನಿಗಿ ಜ್ವಾಳದ ಚೀಲದ ಸಂದ್ಯಾಗ ಹಾಸತಿದ್ವಿ. ಬೆವತು ಬೆವತು, 'ದೊಡ್ಡಾಂವ ಆದ ಮ್ಯಾಲ ಗಾಳಿ ಎಲ್ಲಾ ನಂದೇ' ಅಂತ ಅಳತಿದ್ದ."

"ಹಂಗೇನ್ರಿ ಅಕ್ಕಾರ?" ಎಂದಳು ಹೆಂಡತಿ. "ನಾ ಇಷ್ಟು ದಿನ ಹುಟ್ಟಿದಾಗಿಂದನೇ ಹಿಂಗ ಅಂತ ತಿಳದಿದ್ದೆ."

ಮಗಳು ಆ ದೊರೆಯ ಪುಟಗಳನ್ನು ತಿರುವುವಾಗಿನ ಮುಖದಲ್ಲೇ ನನ್ನನ್ನು ನೋಡಿ, ಒಂದು ಬಾಳೆಹಣ್ಣು ಸುಲಿದು ಕೈಗಿತ್ತಳು. ಕೂಲರನ್ನು ಇನ್ನಷ್ಟು ನನ್ನ ಹತ್ತಿರಕ್ಕೆ ಎಳೆದಳು.

ಅಂದಿನಿಂದ ಮನೆಯಲ್ಲಿ ಗೊಣಗು ನಿಂತಿದೆ. "ಚಾ ಎಲ್ಲಿ?" ಎಂದು ಗದರಿದರೆ ಇಬ್ಬರೂ ಮುಖ ಮುಖ ನೋಡಿಕೊಂಡು, "ಜ್ವಾಳದ ಚೀಲ" ಎಂದು ಕನಿಕರಿಸುತ್ತಾರೆ. ಬಾಲ್ಯ ಬಯಲಾದ ಖಳನಿಗೆ ಮನೆಯ ಬೆಕ್ಕೂ ಹೆದರುವುದಿಲ್ಲ. ಗೊಣಗಿಲ್ಲದ ಗಾಳಿಯಲ್ಲಿ ನಿದ್ದೆಯೂ ಬಾರದೆ, ನಿನ್ನೆ ಎದ್ದು ಕೂಲರಿನ ಮುಖವನ್ನು ಅವರ ಕಡೆ ತಿರುಗಿಸಿದೆ.

"ಸುಧಾರಿಸಾಕತ್ತಾರ," ಎಂದು ಹೆಂಡತಿ ಪಿಸುಗುಟ್ಟಿದಳು. ಇಬ್ಬರೂ ತಣ್ಣಗೆ ನಿದ್ದೆ ಹೋದರು.

ನಾನು ಬೆವರುತ್ತ ಗೋಡೆಯತ್ತ ತಿರುಗಿ ಮಲಗಿ ನಿಟ್ಟುಸಿರು ಬಿಟ್ಟೆ. ಅದೊಂದನ್ನು ಮಾತ್ರ ಆ ಕಾದಂಬರಿಕಾರ ಸರಿಯಾಗಿ ಬರೆದಿದ್ದಾನೆ.